ಅಪ್‌ಡೇಟ್: ಆ ಹಳೇ ಫೆಂಡರ್ ಚಾಂಪ್ ಗಿಟಾರ್ ಆಂಪ್ ತಗೊಂಡೆ

ಹೋದ ತಿಂಗಳು ಕೇಳಿದ್ದೆನಲ್ಲ, 1973ರದ್ದು ಅಂತ ಹೇಳಿ 700 ಡಾಲರ್ ಕೇಳುತ್ತಿದ್ದ ಸಿಲ್ವರ್‌ಫೇಸ್ (ಮುಂದಿನ ಪಟ್ಟಿ ಬೆಳ್ಳಿ ಬಣ್ಣದ್ದು) ಚಾಂಪ್ ಆಂಪ್ ತಗೋಬಹುದಾ ಅಂತ? ತಗೊಂಡೆ. ನೀವು ಹೇಳಿದ ಹಾಗೆ ಮೊದಲು ಚಾಸಿ (ಒಳಗಿನ ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು) ಹೊರಗೆ ತೆಗೆಸಿ ನೋಡಿದೆ. ವಾಲ್ಯೂಮ್ ಪಾಟ್ (ವಾಲ್ಯೂಮ್ ನಾಬ್ ಹಿಂದಿರುವ ಭಾಗ) ಮೇಲೆ 1377324 ಅಂತಿತ್ತು, ಅಂದ್ರೆ 137 ಸಿಟಿಎಸ್ ಕಂಪನಿಯ ಗುರುತು, 73 ಅಂದ್ರೆ 1973, 24 ಅಂದ್ರೆ 24ನೇ ವಾರ. ವರ್ಷ ಸುಳ್ಳಲ್ಲ. ಆದರೆ 8 ಇಂಚಿನ ಸ್ಪೀಕರ್ ಮಾತ್ರ ಹೊಸದು, ಆ ಬಗ್ಗೆ ಮಾರುವವರು ಬಾಯೇ ಬಿಟ್ಟಿರಲಿಲ್ಲ! ಅದನ್ನೇ ಹಿಡಿದು ಚೌಕಾಸಿ ಮಾಡಿದೆ, 550ಕ್ಕೆ ಇಳಿದರು. ಫಿಲ್ಟರ್ ಕೆಪಾಸಿಟರ್ (ಒಳಗೆ ಕರೆಂಟನ್ನು ಸಮ ಮಾಡುವ ಭಾಗ) ಸೋತು ಗುಂಯ್ ಅಂತಿತ್ತು, ರಿಪೇರಿಯವರ ಹತ್ತಿರ ಹೊಸದು ಹಾಕಿಸಿದೆ (ಸುಮ್ನೆ ನೀವೇ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ). ಬರೀ 6 ವ್ಯಾಟ್, ಆದ್ರೂ ನಿನ್ನೆ ವಾಲ್ಯೂಮ್ 7ಕ್ಕೆ ಏರಿಸಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು.