ಗರ್ಭಿಣಿ ತಂಗಿಗೆ ಶುಗರ್: ರಾತ್ರಿ ಊಟ ಬಿಟ್ಟರೂ ಬೆಳಗಿನದು ಇಳಿಯುತ್ತಿಲ್ಲ

ಪ್ರಶ್ನೆ (ಶಿರಸಿ):
ತಂಗಿ ಅಂಕೋಲಾದಲ್ಲಿದ್ದಾಳೆ, 28 ವಾರ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 162 ಬಂತು. ಹದಿನೈದು ದಿನ ಪಥ್ಯ ಮಾಡಿ ಬನ್ನಿ ಅಂದಿದ್ದಾರೆ. ಮನೆಯ ಮೀಟರಿನಲ್ಲಿ ಖಾಲಿ ಹೊಟ್ಟೆಗೆ 98ರಿಂದ 102. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಉಂಡರೆ ಎರಡು ಗಂಟೆಗೆ 150 ದಾಟುತ್ತದೆ, ಮಧ್ಯಾಹ್ನ ಮೀನು-ಅನ್ನಕ್ಕೆ 115ರೊಳಗೇ ಇರುತ್ತದೆ. ಹೆದರಿ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ. ಏನು ಮಾಡಬೇಕು?

ಉತ್ತರ 1 (ಆಹಾರ ತಜ್ಞೆ, ಕಾರವಾರ):
ಇವತ್ತಿನಿಂದಲೇ ರಾತ್ರಿ ಊಟ ಶುರು ಮಾಡಿಸಿ. ಬೆಳಗಿನ ಸಕ್ಕರೆ ಬರೀ ರಾತ್ರಿಯ ಅನ್ನದಿಂದ ಬರುವುದಲ್ಲ, ನಿದ್ದೆಯಲ್ಲಿ ಲಿವರ್ ರಕ್ತಕ್ಕೆ ಬಿಡುವ ಸಕ್ಕರೆ ಅದು. ಮಾಸುವಿನ ಹಾರ್ಮೋನುಗಳು ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಅಡ್ಡ ಬರುವುದರಿಂದ ಅದು ಇಳಿಯುವುದಿಲ್ಲ. ಹೊಟ್ಟೆಗೆ ಹಾಕದಿದ್ದರೆ ಮೈಯ ಕೊಬ್ಬು ಕರಗಿ, ಅದರಿಂದ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ, ಮಗುವಿಗೆ ಅದು ಒಳ್ಳೆಯದಲ್ಲ.

ಗಂಜಿ ಕುಚ್ಚಲಕ್ಕಿಯದೇ ಆದರೂ ಮೆತ್ತಗೆ ಬೆಂದು ತಿಳಿಯಾಗಿರುತ್ತದೆ, ಬೇಗ ರಕ್ತ ಸೇರುತ್ತದೆ. ಬೆಳಗಿನ ಹೊತ್ತು ಇನ್ಸುಲಿನ್ ಕೆಲಸ ಮಾಡುವುದೂ ಕಡಿಮೆ. ಬೆಳಿಗ್ಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಉಸಳಿ, ಜೊತೆಗೆ ಒಂದೇ ದೋಸೆ ಸಾಕು. ಹತ್ತೂವರೆಗೆ ಮಜ್ಜಿಗೆ, ಒಂದು ಹಿಡಿ ಶೇಂಗಾ. ಮಧ್ಯಾಹ್ನದ ಕ್ರಮ ಸರಿಯಿದೆ, ಮುಟ್ಟಬೇಡಿ. ಬಂಗಡೆ, ತಾರ್ಲೆ ಧಾರಾಳ ತಿನ್ನಲಿ. ಶಾರ್ಕ್‌ನಂಥ ದೊಡ್ಡ ಮೀನು ಬೇಡ, ಪಾದರಸ ಇರುತ್ತದೆ. ಊಟವಾದ ಮೇಲೆ ಅಂಗಳದಲ್ಲೇ ಹದಿನೈದು ನಿಮಿಷ ನಡೆಯಲಿ. ಸಕ್ಕರೆ ಹಾಕಿದ ಕೋಕಂ ಶರಬತ್ತನ್ನು ಮಾತ್ರ ಕಟ್ಟುನಿಟ್ಟಾಗಿ ಬಿಡಿಸಿ.

ಉತ್ತರ 2 (ಸ್ಟಾಫ್ ನರ್ಸ್, ಕುಮಟಾ):
ಮೇಲಿನವರು ಹೇಳಿದ್ದು ಸರಿ. ಖಾಲಿ ಹೊಟ್ಟೆಗೆ 95ರ ಒಳಗೆ, ಊಟದ ಒಂದು ಗಂಟೆಗೆ 140ರ ಒಳಗೆ, ಎರಡು ಗಂಟೆಗೆ 120ರ ಒಳಗೆ ಬರಬೇಕು. ಗಂಟೆ ಲೆಕ್ಕ ಮೊದಲ ತುತ್ತಿನಿಂದ. ಬೆಳಗಿನ ಅಂಕೆ ಹೀಗೇ ಇದ್ದರೆ ಹದಿನೈದು ದಿನ ಕಾಯದೆ ಬರೆದಿಟ್ಟ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಇಳಿಸುವ ಮೆಟ್ಫಾರ್ಮಿನ್ ಮಾತ್ರೆ ಅಥವಾ ರಾತ್ರಿ ಇನ್ಸುಲಿನ್ ಬೇಕಾಗಬಹುದು. ಇನ್ಸುಲಿನ್ ಅಂದರೆ ಪಥ್ಯದಲ್ಲಿ ಸೋತಂತೆ ಅಂತ ಅವಳು ತಿಳಿಯದಿರಲಿ.

ಅದಕ್ಕೂ ಮುಂಚೆ ಮೀಟರಿನ ಅಂಕೆ ನಿಜವೇ ನೋಡಿಕೊಳ್ಳಿ. ಹಲಸಿನ ತೊಳೆ ಬಿಡಿಸಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಸುಳ್ಳೇ ಏರುತ್ತದೆ. ಸೋಪು ನೀರಲ್ಲಿ ತೊಳೆದು ಪೂರ್ತಿ ಒರೆಸಬೇಕು. ನಮ್ಮ ಕಡೆ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ: ಒಂದು ತೆಗೆದ ತಕ್ಷಣ ಡಬ್ಬಿ ಮುಚ್ಚಿ, ಬೇರೆ ಡಬ್ಬಿಗೆ ಸುರಿಯಬೇಡಿ.

ಇನ್ಸುಲಿನ್ ಶುರುವಾದರೆ ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನಲ್ಲಿ ಬೇಡವೇ ಬೇಡ. ಘಟ್ಟ ಹತ್ತಿ ಶಿರಸಿಗೆ ತರುವಾಗ ಐಸಿಗೆ ತಾಗದಂತೆ ಬಟ್ಟೆ ಸುತ್ತಿ ತನ್ನಿ, ಹೆಪ್ಪುಗಟ್ಟಿದರೆ ಎಸೆಯುವುದೇ. ಕೈ ನಡುಗಿ ಬೆವರಿ 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಗ್ಲೂಕೋಸ್ ನೀರಲ್ಲಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಅಕ್ಕಾ. ಬಾಣಂತನಕ್ಕೆ ಅಮ್ಮ ಅಂಟಿನುಂಡೆ ಮಾಡಬೇಕು ಅಂತಿದ್ದಾರೆ. ಹೆರಿಗೆಯಾದ ಮೇಲೆ ಪಥ್ಯ ಬಿಡಬಹುದಾ?

ಉತ್ತರ 3 (ಸ್ಟಾಫ್ ನರ್ಸ್, ಕುಮಟಾ):
ಮಾಸು ಬಿದ್ದ ಮೇಲೆ ಹೆಚ್ಚಿನವರಿಗೆ ಸಕ್ಕರೆ ತಾನಾಗಿ ಇಳಿಯುತ್ತದೆ. ಇನ್ಸುಲಿನ್ ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ. ಮಗುವಿಗೆ ಒಂದು ಗಂಟೆಯೊಳಗೆ ಎದೆಹಾಲು ಕೊಡಿಸಿ. ತಾಯಿಯ ಹೆಚ್ಚಿನ ಸಕ್ಕರೆಗೆ ಒಗ್ಗಿದ ಮಗುವಿನ ಮೈಯಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಥಟ್ಟನೆ ಕುಸಿಯಬಹುದು. ಅದಕ್ಕೇ ಹಿಮ್ಮಡಿಗೆ ಚುಚ್ಚಿ ನೋಡುತ್ತಾರೆ, ಗಾಬರಿಯಾಗಬೇಡಿ.

ಅಂಟಿನುಂಡೆಯಲ್ಲಿ ಬೆಲ್ಲ ಅರ್ಧಕ್ಕಿಳಿಸಿ, ಮೆಂತೆ, ಒಣಕೊಬ್ಬರಿ, ಬಾದಾಮಿ ಹೆಚ್ಚಿಸಿ. ನಿಂಬೆ ಗಾತ್ರದ್ದು ದಿನಕ್ಕೊಂದು.

ಮರೆಯುವುದು ಆರನೇ ವಾರದ ಪರೀಕ್ಷೆಯನ್ನು. ಮತ್ತೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡಬೇಕು: ಎರಡು ಗಂಟೆಗೆ 140ರಿಂದ 199 ಇದ್ದರೆ ಮಧುಮೇಹದ ಹೊಸ್ತಿಲು, 200 ಅಥವಾ ಖಾಲಿ ಹೊಟ್ಟೆಗೆ 126 ದಾಟಿದರೆ ಮಧುಮೇಹವೇ. ಸರಿ ಬಂದರೂ ವರ್ಷಕ್ಕೊಮ್ಮೆ ನೋಡಿಸಿ. ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೇಗೂ ಹೋಗುತ್ತೀರಿ. ಅವತ್ತು ತಂಗಿ ಬೆಳಿಗ್ಗೆ ಏನೂ ತಿನ್ನದೆ ಬರಲಿ, ಎರಡೂ ಒಂದೇ ದಿನ ಮುಗಿಯುತ್ತದೆ.