ಸಹಾಯ ಬೇಕು: ಸೆಸ್ನಾ 172ರ ಆಲ್ಟರ್ನೇಟರ್ ವಿಷಯದಲ್ಲಿ ಗೊಂದಲ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಪೈಲಟ್‌ಗಳೋ ವಿಮಾನ ರಿಪೇರಿ ಮಾಡುವವರೋ ಇದ್ದರೆ ದಯವಿಟ್ಟು ಇದನ್ನು ಓದಿ. ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಪರೀಕ್ಷೆಗೆ ಓದುತ್ತಿದ್ದೇನೆ. ಸೆಸ್ನಾ 172ಎಸ್ ಅನ್ನೋ ಒಂಟಿ ಎಂಜಿನ್‌ನ ಪುಟ್ಟ ವಿಮಾನದ ಎಲೆಕ್ಟ್ರಿಕಲ್ ಸಿಸ್ಟಮ್ ಒಂದು ಕಡೆ ತಲೆ ಕೆಡಿಸುತ್ತಿದೆ.

ಅರ್ಥವಾಗಿದ್ದು ಇಷ್ಟು. 24 ವೋಲ್ಟ್ ಬ್ಯಾಟರಿ, ಎಂಜಿನ್‌ನಿಂದ ತಿರುಗಿ ಕರೆಂಟು ಹುಟ್ಟಿಸುವ 28 ವೋಲ್ಟ್ ಆಲ್ಟರ್ನೇಟರ್. ರೇಡಿಯೊ, ಲೈಟು, ಫ್ಲ್ಯಾಪ್ ಎಲ್ಲಕ್ಕೂ ಕರೆಂಟು ಹಂಚುವ ಲೋಹದ ಪಟ್ಟಿಯಾದ ಬಸ್ ಬಾರ್‌ನಿಂದ ಕರೆಂಟು. ಸ್ಪಾರ್ಕ್ ಪ್ಲಗ್‌ಗೆ ಮಾತ್ರ ಬ್ಯಾಟರಿ ಇಲ್ಲದೆಯೇ ಕಿಡಿಗೆ ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ ಬೇರೆಯೇ ಇದೆ, ಹಾಗಾಗಿ ಮಾಸ್ಟರ್ ಸ್ವಿಚ್ ಆಫ್ ಮಾಡಿದರೂ ಎಂಜಿನ್ ನಿಲ್ಲುವುದಿಲ್ಲ. (ಇದನ್ನು ಹೇಳಿದ ಮೇಲೆಯೇ ನಮ್ಮಮ್ಮನಿಗೆ ಸ್ವಲ್ಪ ಧೈರ್ಯ ಬಂದಿದ್ದು!)

ಆಲ್ಟರ್ನೇಟರ್ ಕರೆಂಟು ಕೊಡಬೇಕಾದರೆ ಮೊದಲು ಅದರೊಳಗೆ ಅಯಸ್ಕಾಂತದ ಹಾಗೆ ಕೆಲಸ ಮಾಡುವ ಫೀಲ್ಡ್ ಕಾಯಿಲ್‌ಗೆ ಸ್ವಲ್ಪ ಕರೆಂಟು ಸಿಗಬೇಕು, ಅದು ಶುರುವಿಗೆ ಬರುವುದು ಬ್ಯಾಟರಿಯಿಂದ. ಹಾಗಾದರೆ ಬ್ಯಾಟರಿ ಪೂರ್ತಿ ಸತ್ತಿದ್ದು, ಪ್ರೊಪೆಲರ್ ಕೈಯಲ್ಲಿ ತಿರುಗಿಸಿ ಎಂಜಿನ್ ಶುರು ಮಾಡಿದರೆ ಆಲ್ಟರ್ನೇಟರ್ ಎದ್ದೇಳುವುದೇ ಇಲ್ಲ ಅಲ್ವಾ? ಮಾಸ್ಟರ್ ಸ್ವಿಚ್‌ನಲ್ಲಿ ಬ್ಯಾಟರಿ ಭಾಗ ಆಫ್ ಮಾಡಿದರೆ ಆಲ್ಟರ್ನೇಟರ್ ಭಾಗವೂ ಜೊತೆಗೆ ಆಫ್ ಆಗುವ ಹಾಗೆ ಮಾಡಿರುವುದು ಇದಕ್ಕೇನಾ, ಅಥವಾ ಬ್ಯಾಟರಿ ಇಲ್ಲದೆ ವೋಲ್ಟೇಜ್ ಸಿಕ್ಕಾಪಟ್ಟೆ ಏರಿಳಿಯುತ್ತದೆ ಅಂತಲಾ?

ಇನ್ನೊಂದು. ವೋಲ್ಟೇಜ್ ಸುಮಾರು 32 ತಲುಪಿದರೆ ಕಂಟ್ರೋಲ್ ಯೂನಿಟ್ ಫೀಲ್ಡ್ ಕಾಯಿಲ್‌ನ ಸರ್ಕ್ಯೂಟ್ ಬ್ರೇಕರ್ ಹಾರಿಸಿ ಆಲ್ಟರ್ನೇಟರ್ ನಿಲ್ಲಿಸುತ್ತದೆ. ಹಾಗೆ ನಿಂತು ವೋಲ್ಟೇಜ್ 24.5ಕ್ಕಿಂತ ಕೆಳಗೆ ಇಳಿದಾಗ ಲೋ ವೋಲ್ಟ್ಸ್ ದೀಪ ಹತ್ತುತ್ತದೆ. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ತುಂಡಾದರೂ ಅದೇ ದೀಪ, ಅಮ್ಮೀಟರ್‌ನಲ್ಲೂ ಅದೇ ಡಿಸ್ಚಾರ್ಜ್ (ಬ್ಯಾಟರಿ ಖಾಲಿಯಾಗುತ್ತಿದೆ ಅಂತ). ಹಾರುವಾಗ ಇವೆರಡರಲ್ಲಿ ಯಾವುದು ಅಂತ ಹೇಗೆ ಗುರುತಿಸುತ್ತೀರಿ? ಬ್ರೇಕರ್ ಹಾರಿದೆಯಾ ನೋಡುವುದಷ್ಟೇನಾ?

ಬ್ಲಾಕ್ ಡಯಾಗ್ರಾಂ ಬೇಡ, ಅದು ನನ್ನ ಹತ್ತಿರ ಇದೆ. ಕೈಯಾರೆ ಕೆಲಸ ಮಾಡಿದವರು ವಿವರಿಸಿದರೆ ಸಾಕು. ವಾಯ್ಸ್ ಮೆಸೇಜ್ ಆದರೂ ಪರವಾಗಿಲ್ಲ.