ಮಗಳು ಚರ್ಚಿನವರ ಜೊತೆ ಒಂದು ವಾರ ಸೇವೆಗೆ ಹೋಗ್ತೀನಿ ಅಂತಾಳೆ, ಕಳಿಸಬಹುದಾ?

ಗದಗಿನ ಅವ್ವ, ಫೀನಿಕ್ಸ್:
ಎಲ್ಲರಿಗೂ ನಮಸ್ಕಾರ ರೀ. ನಾವು ಗದಗಿನವರು, ಇಲ್ಲಿಗೆ ಬಂದು ಆರು ವರ್ಷ ಆಯ್ತು. ಮಗಳಿಗೆ 16. ಅವಳ ಗೆಳತಿಯ ಚರ್ಚಿನವರು ಮಾರ್ಚ್ ರಜೆಯಲ್ಲಿ ಒಂದು ವಾರ ಮೆಕ್ಸಿಕೋಗೆ ಹೋಗ್ತಾರಂತೆ. ಮಿಷನ್ ಟ್ರಿಪ್ ಅಂತಾರೆ. ಬಡವರಿಗೆ ಮನೆ ಕಟ್ಟಿಕೊಡೋದು, ಮಕ್ಕಳನ್ನು ಆಟ ಆಡಿಸೋದು. ಊರು ರಾಕಿ ಪಾಯಿಂಟ್, ವ್ಯಾನಿನಲ್ಲಿ ನಾಲ್ಕು ತಾಸು. "ನಾವು ಲಿಂಗ ಕಟ್ಟಿದ ಮಂದಿ, ನಿನಗೇನು ಕೆಲಸ ಅಲ್ಲಿ?" ಅಂದೆ. "ಸಿಮೆಂಟ್ ಕಲೆಸೋಕೆ ಲಿಂಗ ಅಡ್ಡ ಬರುತ್ತಾ ಅವ್ವಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಯಜಮಾನರದು ಎಚ್-1ಬಿ, ಅಂದರೆ ಕೆಲಸದ ವೀಸಾ. ಅವಳದು ಎಚ್-4, ಅವರ ಮನೆಯವರಿಗೆ ಕೊಡೋದು. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುಗಿದಿದೆ. ಹೋದರೆ ವಾಪಸ್ ಬಿಡ್ತಾರಾ? ಇನ್ನೊಂದು, ಅಲ್ಲಿ ಪ್ರಾರ್ಥನೆ, ಪ್ರಚಾರ ಎಷ್ಟಿರುತ್ತೆ? ಶುಕ್ರವಾರದೊಳಗೆ ಫಾರ್ಮಿಗೆ ಸಹಿ ಹಾಕಬೇಕು. ಯಜಮಾನರು "ನಿನಗೆ ಬಿಟ್ಟಿದ್ದು" ಅಂತ ಕೈ ತೊಳೆದುಕೊಂಡಿದ್ದಾರೆ.

ನವಲೂರು ಪೇರಲ, ಸ್ಯಾನ್ ಡಿಯಾಗೊ:
ತಂಗೀ, ಇಲ್ಲಿ ಎರಡು ಬಾಗಿಲು ಇವೆ. ಬೇರೆ ಬೇರೆ ನೋಡಬೇಕು. ವಾಪಸ್ ಬರೋದು ಸುಲಭ. ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ಬಂದರೆ, ಐ-94 (ಇಲ್ಲಿ ಇರೋಕೆ ಕೊಟ್ಟ ಅನುಮತಿಯ ದಾಖಲೆ) ಚಾಲ್ತಿಯಲ್ಲಿದ್ದರೆ, ವೀಸಾ ಮುಗಿದಿದ್ದರೂ ಒಳಗೆ ಬಿಡುವ ನಿಯಮ ಇದೆ. ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅಂತಾರೆ. ಅಲ್ಲಿದ್ದಾಗ ಹೊಸ ವೀಸಾಕ್ಕೆ ಅರ್ಜಿ ಹಾಕಿರಬಾರದು, ಅಷ್ಟೇ.

ಜನ ಮರೆಯೋದು ಹೋಗುವ ಬಾಗಿಲನ್ನು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೋ ವೀಸಾ ಬೇಡ. ನಿಮ್ಮದು ಮುಗಿದಿದೆ, ಹಾಗಾಗಿ ಬೇಕು. ಫೀನಿಕ್ಸಿನಲ್ಲೇ ಮೆಕ್ಸಿಕೋ ಕಾನ್ಸುಲೇಟ್ ಇದೆ, ಇವತ್ತೇ ಅಪಾಯಿಂಟ್‌ಮೆಂಟ್ ನೋಡಿ. ಐ-94, ಐ-797 (ಎಚ್-4 ಮಂಜೂರಾದ ಪತ್ರ) ಎರಡರ ಪ್ರಿಂಟ್ ಕೊಟ್ಟು ಕಳಿಸಿ. ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ ಬರೆದು ನೋಟರಿ ಮಾಡಿಸಿ.

ಲೈನ್ ಬಜಾರ್ ಪೇಢೆ, ಟೆಂಪಿ:
ಹೋದ ವರ್ಷ ನಮ್ಮ ಮಗ ಇಂಥದ್ದಕ್ಕೇ ಹೋಗಿದ್ದ, ಊರೂ ಅದೇ. ಶನಿವಾರ ನಸುಕಿನಲ್ಲಿ ಹೊರಟರು. ಗಡಿ ದಾಟೋದು ಲ್ಯೂಕ್‌ವಿಲ್‌ನಲ್ಲಿ. ಆ ಗೇಟು ರಾತ್ರಿ ಮುಚ್ಚುತ್ತೆ, ತಡ ಮಾಡೋ ಹಾಗಿಲ್ಲ. ಭಾನುವಾರ ಅಲ್ಲಿನ ಚರ್ಚಿನಲ್ಲಿ ಸ್ಪ್ಯಾನಿಷ್ ಪ್ರಾರ್ಥನೆ, ಎರಡು ತಾಸು. ಇವನಿಗೆ ಒಂದಕ್ಷರ ತಿಳಿಯಲಿಲ್ಲ, ಊಟ ಮಾತ್ರ ಚೆನ್ನಾಗಿತ್ತಂತೆ.

ಸೋಮವಾರದಿಂದ ಗುರುವಾರದವರೆಗೆ ಕೆಲಸ. ಮಿಕ್ಸರ್ ಗಿಕ್ಸರ್ ಇಲ್ಲ. ನೆಲದ ಮೇಲೆ ಉಸುಕು, ಸಿಮೆಂಟ್ ಸುರಿದು ಸಲಿಕೆಯಿಂದ ಕಲೆಸೋದು, ಬಕೆಟ್ ತುಂಬಿ ಕೈಯಿಂದ ಕೈಗೆ ದಾಟಿಸೋದು. ಎರಡು ಖೋಲಿಯ ಮನೆ. ಕಟ್ಟಿಗೆ ಚೌಕಟ್ಟಿಗೆ ಜಾಳಿಗೆ ಹೊಡೆದು ಮೇಲೆ ಗಿಲಾವು. ಅಲ್ಲಿನ ಗೌಂಡಿ ಒಬ್ಬರು ದಿನಾ ಸಂಜೆ ಬಂದು, ಇವರು ಹಾಕಿದ ಗಿಲಾವನ್ನು ಸುಮ್ನೆ ಮತ್ತೆ ಸರಿ ಮಾಡಿ ಹೋಗ್ತಿದ್ದರಂತೆ. ಯಾರೂ ನೋಡಿಲ್ಲ ಅಂದುಕೊಂಡಿದ್ದರು ಪಾಪ, ಇವನು ನೋಡಿದ್ದ.

ಮಧ್ಯಾಹ್ನದ ಮೇಲೆ ಓಣಿಯ ಮಕ್ಕಳಿಗೆ ಹಾಡು, ಬೊಂಬೆಯಾಟ, ಬೈಬಲ್ ಕಥೆ. ಅದು ಪ್ರಚಾರವೇ, ಅಲ್ಲ ಅಂತ ನಾನು ಹೇಳೋದಿಲ್ಲ. ರಾತ್ರಿ ಸುತ್ತ ಕೂತು, ಇವತ್ತು ದೇವರು ನನಗೆ ಏನು ತೋರಿಸಿದ ಅಂತ ಒಬ್ಬೊಬ್ಬರೂ ಹೇಳಬೇಕು. ನಮ್ಮವ "ನನ್ನ ಬೆನ್ನು ಎಲ್ಲಿದೆ ಅಂತ ತೋರಿಸಿದ" ಅಂದನಂತೆ. ಎಲ್ಲರೂ ನಕ್ಕರು, ಪಾದ್ರಿಗಳೂ. ಶುಕ್ರವಾರ ಮನೆಯವರಿಗೆ ಕೀಲಿ ಕೊಟ್ಟು ಸಮುದ್ರದಲ್ಲಿ ಆಡಿ, ಮರುದಿನ ವಾಪಸ್. ಬಂದವ ಎರಡು ವಾರ ತನ್ನ ತಟ್ಟೆ ತಾನೇ ತೊಳೆದ. ಮೂರನೇ ವಾರ ಮೊದಲಿನ ಹಾಗೇ.

ಏಲಕ್ಕಿ ಹಾರ, ನ್ಯೂಜೆರ್ಸಿ:
ನೇರವಾಗಿ ಹೇಳ್ತೀನಿ, ಬೇಜಾರಾದರೆ ಆಗಲಿ. ಕಳಿಸಲೇಬೇಡಿ. ಅವರು ಸಲಿಕೆ ಕೊಟ್ಟು ಶುರು ಮಾಡ್ತಾರೆ, ಪುಸ್ತಕ ಕೊಟ್ಟು ಮುಗಿಸ್ತಾರೆ. 22 ವರ್ಷದಿಂದ ಇಲ್ಲಿದ್ದೇನೆ, ಎಲ್ಲ ನೋಡಿದ್ದೇನೆ. ಮಗಳಿಗೆ ನಾಲ್ಕು ವಚನ ಬರುತ್ತಾ? ಕನ್ನಡ ಓದ್ತಾಳಾ? ಇಲ್ಲ ಅಂದಮೇಲೆ ಖಾಲಿ ಡಬ್ಬಿ, ಯಾರು ಏನು ಹಾಕಿದರೂ ತುಂಬುತ್ತೆ. ದಿನಕ್ಕೊಂದು ವಚನ ಕಲಿಸಿ ಅಂತ ಈ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೇನೆ! ನನ್ನ ಮಕ್ಕಳಿಗೆ ಭಾನುವಾರದ ಕನ್ನಡ ತರಗತಿ ಒಂದು ವಾರವೂ ತಪ್ಪಿಸಿಲ್ಲ. ದೊಡ್ಡವ ಈಗ ಡಾಕ್ಟರ್.

ಲೈನ್ ಬಜಾರ್ ಪೇಢೆ, ಟೆಂಪಿ:
ಕನ್ನಡ ತರಗತಿಗೂ ಡಾಕ್ಟರ್ ಆಗೋದಕ್ಕೂ ಏನು ಸಂಬಂಧ ಅಣ್ಣಾ?

ಬೆಟಗೇರಿ ಸೀರೆ, ಟೊರೊಂಟೊ:
"ಅವರು" ಅಂತ ಬರೆದಿರಲ್ಲ ಅಣ್ಣಾರೇ, ಆ ಅವರಲ್ಲಿ ನಾನೂ ಒಬ್ಬಳು. ನಮ್ಮದು ನಾಲ್ಕು ತಲೆಮಾರಿನ ಬಾಸೆಲ್ ಮಿಷನ್ ಕ್ರೈಸ್ತರ ಮನೆ. ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ಹೆರಿಗೆ ಆಗುವಾಗ ಯಾರೂ ಲಿಂಗ, ಜನಿವಾರ ನೋಡಿದವರಲ್ಲ. ಅದೇ ಮಿಷನ್ನಿನ ಕಿಟೆಲ್ ಅವರು ಜರ್ಮನಿಯಿಂದ 1853ರಲ್ಲಿ ಬಂದಾಗ ವಯಸ್ಸು 21. ಈ ಹುಡುಗಿಗಿಂತ ಐದೇ ವರ್ಷ ದೊಡ್ಡವರು. ನಿಮ್ಮ ಭಾನುವಾರದ ತರಗತಿಯಲ್ಲಿ ಕಿಟೆಲ್ ನಿಘಂಟು ಇಟ್ಟಿರ್ತೀರಿ ಅಲ್ವಾ? ಅದರಲ್ಲಿ ಸುಮಾರು 70 ಸಾವಿರ ಪದ ಕೂಡಿಸಿದ್ದು ಆ ಹುಡುಗನೇ.

ಏಲಕ್ಕಿ ಹಾರ, ನ್ಯೂಜೆರ್ಸಿ:
ಅವರು ನಿಘಂಟು ಬರೆಯೋಕೆ ಬಂದವರಲ್ಲ, ಧರ್ಮ ಹೇಳೋಕೆ ಬಂದವರು. ನಿಘಂಟು ಅಚ್ಚಾಗಿದ್ದು 1894ರಲ್ಲಿ. 41 ವರ್ಷ ಆಯ್ತು! ಒಂದು ವಾರ ಅಲ್ಲ.

ಬೆಟಗೇರಿ ಸೀರೆ, ಟೊರೊಂಟೊ:
ಬಂದವರು ಕೂತು ನಮ್ಮ ಭಾಷೆ ಕಲಿತರು ಅಂತಲೇ ನಾನು ಹೇಳ್ತಿರೋದು. ವಾರದ ಟ್ರಿಪ್ ಬಗ್ಗೆ ನನಗೂ ಅಷ್ಟೇನೂ ಅಭಿಮಾನ ಇಲ್ಲ. ಒಳ್ಳೆ ಗೌಂಡಿಗೆ ಆ ಹಣ ಕೊಟ್ಟರೆ ಮನೆ ಇನ್ನೂ ಚೆನ್ನಾಗಿ ಬರುತ್ತೆ. ನಿಮ್ಮ ಮಾತಿನ ಧಾಟಿ ಮಾತ್ರ ಸರಿಯಿಲ್ಲ.

ಅಡ್ಮಿನ್:
ಕಿಟೆಲ್ ಬಗ್ಗೆ ಬೇರೆ ಪೋಸ್ಟ್ ಹಾಕಿಕೊಳ್ಳಿ ದಯವಿಟ್ಟು.

ವಿದ್ಯಾನಗರ ಹುಬ್ಬಳ್ಳಿ, ಹ್ಯೂಸ್ಟನ್:
ನನ್ನ ಮಗಳೂ ಇದೇ ವಯಸ್ಸಿನಲ್ಲಿ ಕೇಳಿದ್ದಳು, ಬೇಡ ಅಂದಿದ್ದೆ. ಬೇಸಿಗೆ ರಜೆ ಎಲ್ಲ ಈಜು, ಗಣಿತದ ಕ್ಲಾಸು, ಡಿಸ್ನಿ. ಹುಬ್ಬಳ್ಳಿಗೆ ಕರೆದುಕೊಂಡು ಹೋದರೂ ಸೊಳ್ಳೆ ಕಚ್ಚುತ್ತೆ ಅಂತ ಎಸಿ ಖೋಲಿಯಿಂದ ಹೊರಗೆ ಬಿಡಲಿಲ್ಲ. ಒಮ್ಮೆ ಸಿದ್ಧಾರೂಢರ ಮಠದಲ್ಲಿ ಪಂಕ್ತಿಗೆ ತಾನೂ ಬಡಿಸ್ತೀನಿ ಅಂತ ಸಾರಿನ ಬಕೆಟ್ ಹಿಡಿದಳು. ರೈಲಿಗೆ ತಡ ಆಗುತ್ತೆ ಅಂತ ನಾನೇ ಕೈಯಿಂದ ಇಳಿಸಿ ಎಳೆದುಕೊಂಡು ಬಂದೆ. ರೈಲು ಒಂದೂವರೆ ತಾಸು ತಡವಾಗಿ ಬಂತು. ಈಗ ಅವಳಿಗೆ 27. ಹೋದ ತಿಂಗಳು ಫೋನಿನಲ್ಲಿ... ಇರಲಿ ಬಿಡಿ.

ತೋಂಟದಾರ್ಯ ಜಾತ್ರೆ, ಡಬ್ಲಿನ್:
ಮೆಕ್ಸಿಕೋ ಯಾಕೆ ಅಕ್ಕಾ? ಗದಗಿನಲ್ಲೇ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ. ಒಂದು ವಾರ ಅಲ್ಲಿಗೆ ಕಳಿಸಿ. ಅಜ್ಜಿಯ ಕೈ ರೊಟ್ಟಿಯೂ ಸಿಗುತ್ತೆ.

ಏಲಕ್ಕಿ ಹಾರ, ನ್ಯೂಜೆರ್ಸಿ:
ಇದು ಮಾತು! ಇದನ್ನೇ ನಾನು ಹೇಳಿದ್ದು.

ನವಲೂರು ಪೇರಲ, ಸ್ಯಾನ್ ಡಿಯಾಗೊ:
ನೀವು ಹೇಳಿದ್ದು ಅದಲ್ಲ. ವೀಸಾ ಮುಗಿದ ಹುಡುಗಿ ಗದಗಿಗೆ ಹೋದರೆ ಹೊಸ ವೀಸಾ ಸ್ಟ್ಯಾಂಪ್ ಆಗದೆ ವಾಪಸ್ ಬರೋ ಹಾಗಿಲ್ಲ. 30 ದಿನದ ನಿಯಮ ಭಾರತಕ್ಕೆ ನಡೆಯೋದಿಲ್ಲ. ನಾನು ಮೇಲೆ ಬರೆದದ್ದನ್ನು ಯಾರಾದರೂ ಓದಿದ್ದೀರಾ?

ಗದಗಿನ ಅವ್ವ, ಫೀನಿಕ್ಸ್:
ನಾನು ಓದಿದೆ ಅಣ್ಣಾ, ತುಂಬಾ ಉಪಕಾರ ಆಯ್ತು. ಕಾನ್ಸುಲೇಟಿನಲ್ಲಿ ದಿನ ಸಿಕ್ಕಿದೆ, ಹೊರಡೋಕೆ 9 ದಿನ ಮೊದಲು. ಪೇಢೆ ಅಕ್ಕ ಬರೆದದ್ದು ನೋಡಿ, ಚರ್ಚಿಗೂ ಫೋನ್ ಮಾಡಿ ದಿನದ ಪಟ್ಟಿ ಕೇಳಿದೆ. ಕಥೆ, ಬೊಂಬೆಯಾಟ ಬೇಡ ಅಂದರೆ ಆ ಹೊತ್ತಿಗೆ ಅಡುಗೆಮನೆಗೆ ಹಾಕ್ತಾರಂತೆ, ನಲವತ್ತು ಜನರ ಪಾತ್ರೆ. ಇದನ್ನು ಮಗಳಿಗೆ ಹೇಳಿದಾಗ ಮುಖ ಸಣ್ಣದಾಯ್ತು. ಮನೆಯಲ್ಲಿ ಚಹಾದ ಲೋಟ ಎತ್ತಿಡೋದಿಲ್ಲ ಇವಳು. ರಾತ್ರಿ ಯೋಚಿಸಿ ಹೇಳ್ತೀನಿ ಅಂದಿದ್ದಾಳೆ. ಸಹಿ ಇನ್ನೂ ಹಾಕಿಲ್ಲ.

ಏಲಕ್ಕಿ ಹಾರ, ನ್ಯೂಜೆರ್ಸಿ:
ಆ ಅಡುಗೆಮನೆಯಲ್ಲಿ ಮಾಂಸ ಇರುತ್ತೆ. ಯೋಚನೆ ಮಾಡಿ.

ತೋಂಟದಾರ್ಯ ಜಾತ್ರೆ, ಡಬ್ಲಿನ್:
ಅಕ್ಕಾ, ಗದಗಿನಲ್ಲಿ ನಿಮ್ಮದು ಯಾವ ಓಣಿ?